ತಾಲ್ಲೂಕು ಕಛೇರಿ, ಸಂಗೀತ ಕಛೇರಿ: ಹಾಡಿನ ಮಾತುಗಳ ಹಿಂದಿನ ಕತೆ

‘ಕಾಮಗಾರಿಗೆ ನಾಂದಿ ಹಾಡಿದ ಶಾಸಕರು’, ‘ಜಗಳಕ್ಕೆ ಮಂಗಳ ಹಾಡಿದ ಹಿರಿಯರು’, ‘ಪಕ್ಷದೊಳಗೆ ಅಪಸ್ವರ’, ‘ಅಧ್ಯಕ್ಷರಿಗೆ ತಾಳ ಹಾಕುವ ಸದಸ್ಯರು’. ಪತ್ರಿಕೆ ಓದುವವರಿಗೆ ಇಂಥ ತಲೆಬರಹಗಳು ಹೊಸದಲ್ಲ. ಸುದ್ದಿ ಬರೆಯುವ ನಮ್ಮಂಥವರಿಗಂತೂ ಇವು ಬೆರಳ ತುದಿಯಲ್ಲೇ ಇರುತ್ತವೆ. ಒಂದೊಂದನ್ನೇ ಬಿಡಿಸಿ ನೋಡಿದರೆ ಎಲ್ಲವೂ ಹಾಡಿನವೇ. ನಾಂದಿ ಎಂದರೆ ನಾಟಕ ಶುರುವಾಗುವ ಮುಂಚಿನ ಪ್ರಾರ್ಥನೆ. ಮಂಗಳ ಎಂದರೆ ಕೊನೆಯ ಹಾಡು. ಅಪಸ್ವರ ಎಂದರೆ ಶ್ರುತಿಗೆ ಸೇರದ ಸ್ವರ.

ಮನೆಯೊಳಗೂ ಅಷ್ಟೆ. ಮಗು ಸುಮ್ಮಸುಮ್ಮನೆ ಅಳುತ್ತಿದ್ದರೆ ‘ರಾಗ ಎಳೀಬೇಡ’ ಅನ್ನುತ್ತೇವೆ. ಹೇಳಿದ್ದನ್ನೇ ಹೇಳುವವನು ‘ಹಾಡಿದ್ದೇ ಹಾಡೋ ಕಿಸಬಾಯಿದಾಸ’. ಅತ್ತೆ ಸೊಸೆ ಒಂದಾದರೆ ‘ಇಬ್ಬರದೂ ಶ್ರುತಿ ಸೇರ್ಕೊಂಡದೆ’. ಇಷ್ಟು ಮಾತು ಬಾಯಲ್ಲಿಟ್ಟುಕೊಂಡೇ ಉಡಿಗಾಲದ ಸುತ್ತಿನ ಊರುಗಳಲ್ಲಿ ಯಾರನ್ನಾದರೂ ‘ಸಂಗೀತ ಗೊತ್ತಾ?’ ಎಂದು ಕೇಳಿ ನೋಡಿ. ‘ಅಯ್ಯೋ, ಅದೆಲ್ಲ ಮೈಸೂರಿನೋರ್ದು, ನಮಗೆಲ್ಲಿ ಬಂದದು’ ಎಂಬ ಉತ್ತರ ಬರುತ್ತದೆ. ಹಾಗೆ ಹೇಳಿದವರೇ ಭಜನೆಮನೆಯಲ್ಲಿ ತಾಳ ಹಿಡಿದು ಎರಡು ಗಂಟೆ ಹಾಡುತ್ತಾರೆ, ಇಲ್ಲವೇ ಕುರುಕ್ಷೇತ್ರ ನಾಟಕದಲ್ಲಿ ಕರ್ಣನ ಪಾತ್ರ ಮಾಡಿರುತ್ತಾರೆ.

ಸಂಗೀತ ನಮ್ಮದಲ್ಲ ಎಂಬ ಈ ಅನಿಸಿಕೆ ಎಲ್ಲಿಂದ ಬಂತು? ಇದನ್ನು ಹುಡುಕಲು ಹಾಡಿನ ಮಾತುಗಳ ಹಿಂದೆಯೇ ಹೋಗಬಹುದು ಎಂದು ನಮಗೆ ಅನ್ನಿಸಿತು.

‘ಕಛೇರಿ’ಯಿಂದಲೇ ಶುರು ಮಾಡೋಣ. ಪಹಣಿ ತರಲು ಹೋಗುವುದೂ ಕಛೇರಿಗೆ, ವಿದ್ವಾಂಸರು ಮೃದಂಗ ಪಿಟೀಲು ಇಟ್ಟುಕೊಂಡು ಹಾಡುವುದೂ ಕಛೇರಿಯೇ. ಎರಡೂ ಒಂದೇ ಮಾತು. ದರ್ಬಾರು, ನ್ಯಾಯಸ್ಥಾನ, ಜನ ಸೇರಿದ ಸಭೆ ಎಂಬ ಅರ್ಥದಲ್ಲಿ ಹಿಂದೂಸ್ತಾನಿ, ಮರಾಠಿ ಭಾಷೆಗಳ ಆಡಳಿತದಿಂದ ನಮ್ಮಲ್ಲಿಗೆ ಬಂದದ್ದು. ಅರಸರ ಮುಂದೆ ಲೆಕ್ಕ ಒಪ್ಪಿಸುವ ಜಾಗದ ಹೆಸರೇ ಅರಸರ ಮುಂದೆ ಹಾಡುವುದಕ್ಕೂ ಅಂಟಿಕೊಂಡಿತು.

ಸಂಗೀತ ಪಾಠದ ಮೊದಲ ದಿನ ಕಲಿಸುವುದು ಸರಳೆ ವರಸೆ. ಆಮೇಲೆ ಜಂಟಿ ವರಸೆ, ದಾಟು ವರಸೆ. ಈ ಪಾಠಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರು ಎಂಬುದು ಪರಂಪರೆಯ ನಂಬಿಕೆ. ಇಂದು ಚೆನ್ನೈ, ತಂಜಾವೂರಿನ ಮಕ್ಕಳೂ ಇದೇ ಪಾಠದಿಂದ ಶುರು ಮಾಡುತ್ತಾರೆ. ‘ವರಸೆ’ ಎಂಬ ಮಾತು ನಮಗೆ ಗರಡಿಮನೆಯಿಂದ ಗೊತ್ತು: ಕುಸ್ತಿ ವರಸೆ, ದೊಣ್ಣೆವರಸೆ. ‘ಜಂಟಿ’ ಗೊತ್ತಿರುವುದು ಬ್ಯಾಂಕಿನ ಜಂಟಿ ಖಾತೆಯಿಂದ. ಒಂದೊಂದು ಸ್ವರವನ್ನೂ ಎರಡೆರಡು ಸಲ ಜೋಡಿಯಾಗಿ ಹಾಡಿದರೆ ಅದು ಜಂಟಿ. ನಡುವಿನ ಸ್ವರ ಬಿಟ್ಟು ಹಾರಿದರೆ ದಾಟು, ಬದು ದಾಟಿದ ಹಾಗೆ. ಪಲ್ಲವಿ ಎಂಬುದರಲ್ಲಿ ಚಿಗುರು ಇದೆ, ಚರಣ ಎಂದರೆ ಕಾಲು. ಹಾಡು ತಾಳದಲ್ಲಿ ಎಲ್ಲಿಂದ ಏಳುತ್ತದೋ ಅದು ‘ಎತ್ತುಗಡೆ’. ಒಂದೇ ಸಾಲನ್ನು ಬೇರೆ ಬೇರೆ ಬಗೆಯಲ್ಲಿ ತಿರುಗಿಸಿ ಹಾಡಿದರೆ ‘ಸಂಗತಿ’. ಆದಿತಾಳ ಹಾಕುವ ಬಗೆ ಕೇಳಿ: ಒಂದು ಪೆಟ್ಟು, ಮೂರು ಬೆರಳೆಣಿಕೆ, ಆಮೇಲೆ ಎರಡು ಸಲ ಪೆಟ್ಟು ಮತ್ತು ಹುಸಿ. ಒಟ್ಟು 8 ಎಣಿಕೆ. ಅಂಗೈ ತಿರುಗಿಸಿ ಬಿಡುವ ಏಟು, ಅಂದರೆ ಸದ್ದು ಬಾರದ ಏಟು, ‘ಹುಸಿ’. ಹುಸಿ ಎಂಬುದನ್ನು ಅರ್ಥ ಮಾಡಿಕೊಳ್ಳಲು ನಮಗೆ ನಿಘಂಟು ಬೇಕೆ?

ದೂರದಿಂದ ಭಯ ಹುಟ್ಟಿಸುವ ಶಾಸ್ತ್ರದ ಮಾತುಗಳಲ್ಲಿ ಎಷ್ಟೋ ಹೀಗೆ ಹೊಲ, ಗರಡಿ, ಅಂಗಳದವೇ. ಇದು ನಮ್ಮಲ್ಲಿ ಮಾತ್ರ ಅಲ್ಲ.

ಯುರೋಪಿನ ದೊಡ್ಡಮನೆಯ ಸಂಗೀತ ಎಂದರೆ ‘ಆಪೆರಾ’. ಕತೆಯನ್ನು ಮಾತಿನಲ್ಲಿ ಆಡದೆ ಹೆಚ್ಚುಕಡಿಮೆ ಪೂರ್ತಿ ಹಾಡಿಯೇ ತೋರಿಸುವ ನಾಟಕ ಅದು. ಸಿನಿಮಾಗಳಲ್ಲಿ ನೋಡಿರುತ್ತೀರಿ: ದೊಡ್ಡ ಸಭಾಂಗಣ, ಕೆಂಪು ಪರದೆ, ಕೋಟು ಹಾಕಿಕೊಂಡು ಕೂತ ಶ್ರೀಮಂತರು. ಅದರ ಮಾತುಗಳೆಲ್ಲ ಬಹುಪಾಲು ಇಟಲಿಯವು. ಇಟಲಿ ಭಾಷೆಯಲ್ಲಿ ಆಪೆರಾ ಎಂದರೆ ‘ಕೆಲಸ’, ಅಷ್ಟೆ. ನಮ್ಮದು ಕಛೇರಿ, ಅವರದು ಕೆಲಸ! ಒಬ್ಬರೇ ನಿಂತು ಹಾಡುವ ಹಾಡು ‘ಆರಿಯಾ’, ಅಂದರೆ ಗಾಳಿ. ಹಾಡು ಮಾತು ಎರಡರ ನಡುವೆ, ಹೇಳಿದ ಹಾಗೆ ಹಾಡುವುದು ‘ರೆಸಿಟೇಟಿವ್’. ನಾಟಕದ ಸಾಹಿತ್ಯ ‘ಲಿಬ್ರೆಟ್ಟೊ’, ಅಂದರೆ ಪುಟ್ಟ ಪುಸ್ತಕ. ದನಿಗಳ ಹೆಸರೂ ಹಾಗೆಯೇ. ‘ಸೊಪ್ರಾನೊ’ ಎಂದರೆ ಮೇಲಿನದು, ಹೆಂಗಸರ ಎತ್ತರದ ದನಿ. ‘ಬಾಸ್’ ಎಂದರೆ ತಗ್ಗಿನದು, ಗಂಡಸರ ಅಡಿದನಿ. ‘ಟೆನರ್’ ಎಂದರೆ ಹಿಡಿದುಕೊಂಡವನು. ಹಳೆಯ ಚರ್ಚ್ ಸಂಗೀತದಲ್ಲಿ ಹಲವರು ಹಲವು ಬಗೆಯಾಗಿ ಹಾಡುವಾಗ ಮೂಲ ಧಾಟಿಯನ್ನು ಬಿಡದೆ ಹಿಡಿದುಕೊಂಡಿದ್ದ ದನಿಗೆ ಆ ಹೆಸರು ಬಂತು. ನಾಯಕಿ ‘ಪ್ರಿಮಡೋನಾ’, ಮೊದಲನೆಯ ಹೆಂಗಸು. ಗಾಳಿ, ಕೆಲಸ, ಮೇಲೆ, ಕೆಳಗೆ, ಹಿಡಿದುಕೋ. ಇಟಲಿಯ ರೈತನಿಗೂ ಗೊತ್ತಿದ್ದ ಮಾತುಗಳೇ ಇವು. ಬೇರೆ ದೇಶಕ್ಕೆ ಹೋಗಿ ಅಲ್ಲಿಯವರ ಕಿವಿಗೆ ಹೊಸದಾದ ಮೇಲೆ ದೊಡ್ಡ ಮಾತುಗಳಾದವು.

ಆಪೆರಾ ತುಂಬಾ ಹಳೆಯದೂ ಅಲ್ಲ. ಇಟಲಿಯ ಫ್ಲಾರೆನ್ಸ್ ನಗರದಲ್ಲಿ 1600ರ ಆಸುಪಾಸಿನಲ್ಲಿ ಹುಟ್ಟಿತು. 1607ರಲ್ಲಿ ಮಾಂಟೆವೆರ್ಡಿ ಎಂಬಾತ ಬರೆದ ‘ಆರ್ಫಿಯೊ’ ಇಂದಿಗೂ ಆಡುತ್ತದೆ. ಮೊದಲು ಅದು ಅರಸರ ಮನೆಯ ಆಟ. ಟಿಕೆಟ್ ಕೊಂಡು ಯಾರು ಬೇಕಾದರೂ ನೋಡಬಹುದಾದ ಆಪೆರಾ ಮನೆ ವೆನಿಸ್ ನಗರದಲ್ಲಿ ತೆರೆದದ್ದು 1637ರಲ್ಲಿ.

ಅದೇ ಶತಮಾನದಲ್ಲಿ ನಮ್ಮ ಗುಂಡ್ಲುಪೇಟೆಯ ಕಡೆಗೆ ಬನ್ನಿ. ಬಂಡೀಪುರಕ್ಕೆ ಹೋಗುವ ದಾರಿಯಲ್ಲಿ ಹಂಗಳ ಸಿಗುತ್ತದಲ್ಲ, ಆ ಊರಿನಲ್ಲಿ ಬೆಳೆದ ಒಬ್ಬ ರಾಜಕುಮಾರ ಮುಂದೆ ಮೈಸೂರಿನ ಅರಸನಾದ. ಅವರೇ ಚಿಕ್ಕದೇವರಾಜ ಒಡೆಯರ್, ಆಳಿದ್ದು 1673ರಿಂದ 1704. ತಂದೆಯ ನೆನಪಿಗೆ ಗುಂಡ್ಲುಪೇಟೆಯಲ್ಲಿ ಪರವಾಸುದೇವ ದೇವಸ್ಥಾನ ಕಟ್ಟಿಸಿದವರೂ ಅವರೇ. ಹಂಗಳದ ದಿನಗಳಿಂದ ಜೊತೆಗಿದ್ದ ಯಳಂದೂರಿನ ವಿಶಾಲಾಕ್ಷ ಪಂಡಿತ ಮಂತ್ರಿಯಾದರು. ಈ ಅರಸರ ಕಾಲದಲ್ಲೇ ಸಿಂಗರಾರ್ಯ ‘ಮಿತ್ರವಿಂದಾ ಗೋವಿಂದ’ ಬರೆದದ್ದು. ನಮಗೆ ಉಳಿದು ಬಂದಿರುವ ಕನ್ನಡ ನಾಟಕಗಳಲ್ಲಿ ಅದೇ ಮೊದಲನೆಯದು. ಹಾಡಿಗೆಂದೇ ಕಟ್ಟಿದ ‘ಗೀತಗೋಪಾಲ’ವೂ ಇದೇ ಆಸ್ಥಾನದ್ದು. ಅಲ್ಲಿ ವೆನಿಸ್, ಇಲ್ಲಿ ಶ್ರೀರಂಗಪಟ್ಟಣ. ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಿಳಿಯದು. ಆದರೂ ಅರಸರ ಮನೆಯೊಳಗೆ ಹಾಡು ಮತ್ತು ನಾಟಕ ಒಟ್ಟಿಗೆ ಕೂತದ್ದು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ. ಅಲ್ಲಿ 40 ವರ್ಷದೊಳಗೆ ಟಿಕೆಟ್ ಬಂತು. ನಮ್ಮಲ್ಲಿ ಅರಮನೆಯ ನಾಟಕ ಟಿಕೆಟಿನ ತನಕ ಬರಲು ಇನ್ನೂ ಸುಮಾರು 200 ವರ್ಷ ಕಾಯಬೇಕಾಯಿತು.

1881ರಲ್ಲಿ ಆಡಳಿತದ ಅಧಿಕಾರ ಪಡೆದ ಚಾಮರಾಜೇಂದ್ರ ಒಡೆಯರು ಅರಮನೆಯಲ್ಲೇ ಒಂದು ನಾಟಕ ಸಭೆ ಕಟ್ಟಿಸಿದರು. ಹೊರಗಿನಿಂದ ಬಂದ ಪಾರ್ಸಿ, ಮರಾಠಿ ನಾಟಕ ಕಂಪನಿಗಳ ಸೊಗಸು ಆಗ ಎಲ್ಲರ ಕಣ್ಣಿಗೆ ಬಿದ್ದಿತ್ತು. ಬಸವಪ್ಪ ಶಾಸ್ತ್ರಿಗಳು ‘ಶಾಕುಂತಲ’ವನ್ನು ಕನ್ನಡಕ್ಕೆ ತಂದರು, ‘ಅಭಿನವ ಕಾಳಿದಾಸ’ ಎಂಬ ಬಿರುದು ಪಡೆದರು. ಅರಮನೆಯ ಈ ಆಟ ಬೇಗ ಹೊರಗೆ ಬಂತು. ಹಾಡುಗಾರಿಕೆಗೇ ಹೆಸರಾಗಿದ್ದ ಎ.ವಿ. ವರದಾಚಾರ್ಯರ ರತ್ನಾವಳಿ ಕಂಪನಿ, 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿ ಮುಂದೆ ವೀರಣ್ಣನವರ ಕೈಯಲ್ಲಿ ಬೆಳೆದ ಗುಬ್ಬಿ ಕಂಪನಿ, ಹೀಗೆ ಒಂದರ ಹಿಂದೊಂದು. ಗುಬ್ಬಿ ಕಂಪನಿಯ ‘ಕುರುಕ್ಷೇತ್ರ’ 1934ರಲ್ಲಿ ರಂಗದ ಮೇಲೆ ಆನೆ ಕುದುರೆಗಳನ್ನೇ ತಂದು ನಿಲ್ಲಿಸಿತು.

ಆನೆಗಿಂತ ದೊಡ್ಡ ಕೆಲಸ ಮಾಡಿದ್ದು ಹಾಡುಗಳು. ಅರಮನೆಯ ಗೋಡೆಯೊಳಗಿದ್ದ ರಾಗದ ಹೆಸರುಗಳನ್ನು ಹಳ್ಳಿಗೆ ತಂದು ಇಳಿಸಿದ್ದು ಈ ಕಂಪನಿಗಳೇ. ಅಚ್ಚಾದ ನಾಟಕದ ಪುಸ್ತಕಗಳನ್ನು ತೆರೆದು ನೋಡಿ. ಪ್ರತಿ ಹಾಡಿನ ನೆತ್ತಿಯ ಮೇಲೆ ರಾಗ ಯಾವುದು, ತಾಳ ಯಾವುದು ಎಂದು ಬರೆದಿರುತ್ತದೆ. ಇಲ್ಲದಿದ್ದರೆ ಯಾವ ಹಳೆಯ ಹಾಡಿನ ಧಾಟಿ ಎಂದಾದರೂ ಇರುತ್ತದೆ. ಡೇರೆಯ ಹೊರಗೆ ಮಾರುತ್ತಿದ್ದ ಹಾಡಿನ ಪುಸ್ತಕ ನಮ್ಮ ಲಿಬ್ರೆಟ್ಟೊ. ಕಛೇರಿಯ ಮುಖವನ್ನೇ ನೋಡದ ಬೇಸಾಯಗಾರ ಮೋಹನ, ಕಲ್ಯಾಣಿ, ಹಿಂದೋಳ, ಭೀಮಪಲಾಸ್ ಎಂದು ರಾಗದ ಹೆಸರು ಹೇಳುವುದು ಹೀಗೆ. ಕಲಿಸಿದವರು ಹಾರ್ಮೋನಿಯಂ ಮೇಷ್ಟ್ರು. ಸುಗ್ಗಿ ಮುಗಿದ ಮೇಲೆ ಊರಿಗೆ ಬಂದು ಉಳಿದುಕೊಂಡು, ದಿನಾ ರಾತ್ರಿ ಊಟವಾದ ಮೇಲೆ ಪ್ರಾಕ್ಟೀಸ್ ಮಾಡಿಸುವ ಮೇಷ್ಟ್ರು ಹಳೇ ಮೈಸೂರಿನ ಎಷ್ಟೋ ಊರುಗಳಿಗೆ ಸಂಗೀತ ಕಾಲೇಜೇ ಆಗಿದ್ದರು. ಕಂದ ಪದ್ಯವನ್ನು ತಾಳವಿಲ್ಲದೆ ಎತ್ತಿ, ಎಳೆದು, ಕೊನೆಗೆ ಮಾತಿಗೆ ಇಳಿಸುವುದನ್ನು ಅವರು ಕಲಿಸುತ್ತಿದ್ದ ಬಗೆ ನೋಡಿದರೆ ಇಟಲಿಯವರ ರೆಸಿಟೇಟಿವ್ ನಮಗೆ ಅಷ್ಟೇನೂ ದೂರದ್ದು ಅನ್ನಿಸುವುದಿಲ್ಲ. ಜನಕ್ಕೆ ಮೆಚ್ಚುಗೆಯಾದರೆ ಕೂಗುವ ‘ಒನ್ಸ್ ಮೋರ್’ ಮಾತ್ರ ಇಂಗ್ಲಿಷಿನದು. ವಿಚಿತ್ರ ಎಂದರೆ ಇಂಗ್ಲಿಷಿನವರು ತಮ್ಮ ಸಭೆಯಲ್ಲಿ ಅದೇ ಅರ್ಥಕ್ಕೆ ‘ಆಂಕೋರ್’ ಎಂಬ ಫ್ರೆಂಚ್ ಮಾತು ಕೂಗುತ್ತಾರೆ. ಬೇರೆಯವರ ಮಾತಿನಲ್ಲಿ ಮೆಚ್ಚಿದರೇ ಮೆಚ್ಚಿದ ಹಾಗೆ ಎಂದು ಎಲ್ಲರಿಗೂ ಅನ್ನಿಸುತ್ತದೋ ಏನೋ.

ಹಾರ್ಮೋನಿಯಂ ಎಂದಾಗ ಇನ್ನೊಂದು ಮಾತು ಹೇಳಲೇಬೇಕು. ಅದು 19ನೇ ಶತಮಾನದಲ್ಲಿ ಫ್ರಾನ್ಸ್‌ನಲ್ಲಿ ಹುಟ್ಟಿದ ಪೆಟ್ಟಿಗೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗಮಕ ಅದರಲ್ಲಿ ಬಾರದು ಎಂಬ ಕಾರಣಕ್ಕೆ 1940ರಲ್ಲಿ ರೇಡಿಯೊ ಅದನ್ನು ಹೊರಗಿಟ್ಟಿತು. 1970ರ ದಶಕ ಬರುವವರೆಗೂ ಆ ನಿಷೇಧ ಇತ್ತು. ಆದರೆ ಇಂದು ದೊಡ್ಡ ವಿದ್ವಾಂಸರನ್ನೇ ಕೇಳಿ, ‘ನಿಮ್ಮ ಶ್ರುತಿ ಎಷ್ಟು?’ ಎಂದರೆ ‘ಒಂದೂವರೆ ಮನೆ’, ‘ಐದು ಮನೆ’ ಅನ್ನುತ್ತಾರೆ. ಯಾವ ಮನೆ? ಹಾರ್ಮೋನಿಯಂನ ಮನೆ. ಬಿಳಿ ಮನೆಗಳನ್ನು ಒಂದು, ಎರಡು, ಮೂರು ಎಂದು ಎಣಿಸಿದರೆ ನಡುವಿನ ಕರಿ ಮನೆ ಒಂದೂವರೆ, ಎರಡೂವರೆ ಆಗುತ್ತದೆ. ಗಂಡಸರು ಹೆಚ್ಚಾಗಿ ಒಂದರ ಸುತ್ತ, ಹೆಂಗಸರು ಐದರ ಸುತ್ತ ಹಾಡುತ್ತಾರೆ. ಪೆಟ್ಟಿಗೆಯನ್ನು ಬಾಗಿಲ ಹೊರಗೆ ನಿಲ್ಲಿಸಿದರು, ಅದರ ಲೆಕ್ಕವನ್ನು ಒಳಗೆ ಇಟ್ಟುಕೊಂಡರು.

ಕಂಪನಿ ನಾಟಕದ ಈ ಹೊಳೆಯಲ್ಲೇ ನಮ್ಮ ಗಡಿಯ ಮಗ್ಗುಲಿನ ಗಾಜನೂರಿನ ಒಬ್ಬ ಹುಡುಗನೂ ಈಜಿದ. ಅಪ್ಪ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಗುಬ್ಬಿ ಕಂಪನಿಯ ನಟರು. ಮಗ ಮುತ್ತುರಾಜ, ಹುಟ್ಟಿದ್ದು 1929ರಲ್ಲಿ, ಮುಂದೆ ಡಾ. ರಾಜ್‌ಕುಮಾರ್. 1966ರ ‘ಸಂಧ್ಯಾರಾಗ’ದಲ್ಲಿ ಅವರದು ಗಾಯಕನ ಪಾತ್ರ, ಅಲ್ಲಿ ಕೇಳುವ ಹಾಡುಗಾರಿಕೆಯಲ್ಲಿ ಭೀಮಸೇನ ಜೋಶಿ, ಬಾಲಮುರಳಿಕೃಷ್ಣ ಅವರ ದನಿಗಳಿವೆ. 1992ರ ‘ಜೀವನ ಚೈತ್ರ’ದ ಹಾಡಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಅವರ ಸ್ವಂತ ದನಿಗೆ. ಅವರು ಯಾವ ಸಂಗೀತ ಪರೀಕ್ಷೆಯ ಬಲದಿಂದಲೂ ಅಲ್ಲಿಗೆ ಹೋದವರಲ್ಲ, ಕಂಪನಿಯ ರಂಗದಿಂದ ಹೋದವರು.

ಇನ್ನು ಅರಮನೆಯ ಒಳಗೆ ಇಣುಕೋಣ. ಕೊನೆಯ ಮಹಾರಾಜ ಜಯಚಾಮರಾಜ ಒಡೆಯರು (1919–1974) ಪಿಯಾನೊ ನುಡಿಸುತ್ತಿದ್ದರು. ಜೊತೆಗೆ 94 ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದರು. ಲಂಡನ್ನಿನಲ್ಲಿ ಕಾಯಿಲೆ, ಕಷ್ಟದಲ್ಲಿದ್ದ ಮೆಡ್ಟ್‌ನರ್ ಎಂಬ ರಷ್ಯಾದ ಸಂಗೀತಗಾರನ ರಚನೆಗಳನ್ನು ರೆಕಾರ್ಡ್ ಮಾಡಿಸಲು ಹಣ ಕೊಟ್ಟರು. ಅಲ್ಲಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಇವರೇ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಆಪೆರಾಗಳಿಗೆ ಹೆಸರಾದ ಜರ್ಮನಿಯ ರಿಚರ್ಡ್ ಸ್ಟ್ರಾಸ್ ಸಾಯುವ ಮುಂಚೆ ಬರೆದ ನಾಲ್ಕು ಕಡೆಯ ಹಾಡುಗಳನ್ನು ಮೊದಲ ಬಾರಿಗೆ ಹಾಡಲಾಯಿತು. ಹಾಡಿದವರು ನಾರ್ವೆ ದೇಶದ ಸೊಪ್ರಾನೊ ಕರ್ಸ್ಟೆನ್ ಫ್ಲಾಗ್‌ಸ್ಟಾಡ್. ವಾದ್ಯವೃಂದ ನಡೆಸಿದವರು ಫುರ್ಟ್‌ವಾಂಗ್ಲರ್. ಖರ್ಚಿಗೆ ಭರವಸೆ ಕೊಟ್ಟವರು ನಮ್ಮ ಮೈಸೂರಿನ ಮಹಾರಾಜರು! ಅವರು ಆ ದಿನ ಅಲ್ಲಿರಲಿಲ್ಲ, ಅವರಿಗಾಗಿ ರೆಕಾರ್ಡ್ ಮಾಡಿಸಲಾಯಿತು. ಚಾಮರಾಜನಗರ ಆಗ ಮೈಸೂರು ಜಿಲ್ಲೆಗೆ ಸೇರಿತ್ತು, ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅಂದರೆ ಪ್ರಪಂಚದ ಹೆಸರಾಂತ ಸೊಪ್ರಾನೊ ಹಾಡುಗಳ ಮೊದಲ ಸದ್ದಿಗೆ ಕಾರಣರಾದವರಲ್ಲಿ ನಮ್ಮ ಸೀಮೆಯ ದೊರೆಯೂ ಒಬ್ಬರು.

ಫ್ಲಾಗ್‌ಸ್ಟಾಡ್ ಅವರಂಥ ಆಪೆರಾ ಹಾಡುಗಾರರು ಮೈಕ್ ಇಲ್ಲದೆ ಸಾವಿರಾರು ಜನಕ್ಕೆ ಕೇಳುವಂತೆ ಹಾಡುತ್ತಾರೆ. ನಮ್ಮ ಕಛೇರಿಗಳೂ ಮೈಕಿಗೆ ಮುಂಚೆ ಹಾಗೆಯೇ ಇದ್ದವು. ನಮ್ಮ ಮಗ್ಗುಲಿನ ತಿರುಮಕೂಡಲಿನ ಪಿಟೀಲು ಚೌಡಯ್ಯನವರು (1895–1967) ನಾಲ್ಕು ತಂತಿಯ ಪಿಟೀಲಿನ ಸದ್ದು ಹಿಂದಿನ ಸಾಲಿಗೆ ಮುಟ್ಟದು ಎಂದು ಏಳು ತಂತಿ ಕಟ್ಟಿಸಿಕೊಂಡದ್ದು ಈ ಕಾರಣಕ್ಕೇ. ಮೈಕ್ ಇಲ್ಲದೆ ಊರಿಗೆಲ್ಲ ಕೇಳುವಂತೆ, ಅದೂ ರಾತ್ರಿ ಊಟದ ಹೊತ್ತಿನಿಂದ ಬೆಳಗಿನ ಕೋಳಿ ಕೂಗುವವರೆಗೆ ಹಾಡುತ್ತಿದ್ದವರು ಇನ್ನೊಬ್ಬರಿದ್ದಾರೆ. ಅವರನ್ನು ಯಾರೂ ವಿದ್ವಾನ್ ಎನ್ನುವುದಿಲ್ಲ. ತಂಬೂರಿಯವರು ಅನ್ನುತ್ತೇವೆ.

ಮಂಟೇಸ್ವಾಮಿ ಒಕ್ಕಲಿನ ನೀಲಗಾರರು ಮತ್ತು ಮಾದಪ್ಪನ ಒಕ್ಕಲಿನ ದೇವರಗುಡ್ಡರು ನಮ್ಮ ಜಿಲ್ಲೆಗೆ ಹೊಸಬರಲ್ಲ. ಹೆಚ್ಚಿನವರು ದಲಿತ ಮತ್ತು ಹಿಂದುಳಿದ ಸಮುದಾಯಗಳವರು. ಗುರುವಿನಿಂದ ದೀಕ್ಷೆ ಪಡೆದು, ಭಿಕ್ಷೆಗೆ ಹೋಗುವ ಕಟ್ಟಳೆ ಹೊತ್ತು, ಮನೆಯಲ್ಲಿ ಶುಭಕಾರ್ಯವೋ ಹರಕೆಯೋ ಇದ್ದಾಗ ಕರೆದವರ ಮನೆಗೆ ಬಂದು ಕತೆ ಮಾಡುತ್ತಾರೆ. ಒಬ್ಬರು ಮುಂದೆ ಹಾಡುತ್ತಾರೆ, ಹಿಮ್ಮೇಳದವರು ಹಿಂದಿನಿಂದ ಸೊಲ್ಲು ಕೊಡುತ್ತಾರೆ. ತಂಬೂರಿ, ಗಗ್ಗರ, ಡಕ್ಕೆ, ತಾಳ. ಹಾಡು ಇದ್ದಕ್ಕಿದ್ದಂತೆ ನಿಂತು ಮಾತಾಗುತ್ತದೆ, ಮಾತು ಬಿಸಿಯಾದಂತೆ ಮತ್ತೆ ಹಾಡಾಗುತ್ತದೆ. ಒಬ್ಬನೇ ಬಾಯಲ್ಲಿ ದೊರೆಯೂ ಆಗುತ್ತಾನೆ, ಬಸುರಿ ಸಂಕಮ್ಮನೂ ಆಗುತ್ತಾನೆ. ಆಪೆರಾಗೆ ಬೇಕಾದ ಆರಿಯಾ, ರೆಸಿಟೇಟಿವ್, ಹಿಂದಿನ ಕೋರಸ್ ಎಲ್ಲವೂ ಇಲ್ಲಿವೆ. ಪರದೆ ಇಲ್ಲ, ಕೆಂಪು ಕುರ್ಚಿ ಇಲ್ಲ.

ಅವರ ಮಾತುಗಳು ಬೇರೆ. ಕತೆಯ ಒಂದೊಂದು ದೊಡ್ಡ ಭಾಗ ಒಂದೊಂದು ‘ಸಾಲು’: ಸಂಕಮ್ಮನ ಸಾಲು, ಶ್ರವಣದೊರೆಯ ಸಾಲು, ಇಕ್ಕೇರಿ ದೇವಮ್ಮನ ಸಾಲು, ಜುಂಜೇಗೌಡನ ಸಾಲು. ಉಳುವವನ ಸಾಲೂ ಅದೇ, ಕತೆಯ ಸಾಲೂ ಅದೇ. ಹಿಮ್ಮೇಳ ಮತ್ತೆ ಮತ್ತೆ ತಂದು ಸೇರಿಸುವುದು ‘ಸೊಲ್ಲು’. ನಮ್ಮ ಕಡೆ ಹೆಂಗಸರು ಸೋಬಾನೆ ‘ಹಾಡುವುದಿಲ್ಲ’, ‘ಹೇಳುತ್ತಾರೆ’. ಪದ ಹೇಳುವುದು ಎಂದೇ ಮಾತು. ಹಾಡಿಗೂ ಮಾತಿಗೂ ನಡುವೆ ಬೇಲಿ ಹಾಕದ ಜನರ ಮಾತಿದು.

1973ರಲ್ಲಿ ಪಿ.ಕೆ. ರಾಜಶೇಖರ ಅವರು ಮಾದಪ್ಪನ ಕಾವ್ಯವನ್ನು ಹಾಡುಗಾರರ ಬಾಯಿಂದ ಕೇಳಿ ಬರೆದು ಅಚ್ಚು ಮಾಡಿಸಿದರು. 1997ರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯ ಕೆ. ಕೇಶವನ್ ಪ್ರಸಾದ್ ಅವರಿಂದ ‘ಮಲೆ ಮಾದೇಶ್ವರ’, ಹಿ.ಚಿ. ಬೋರಲಿಂಗಯ್ಯ ಅವರಿಂದ ‘ಮಂಟೇಸ್ವಾಮಿ’ ಕಾವ್ಯಗಳನ್ನು ತಂದಿತು. ಒಂದೊಂದೂ ಕೈಯಲ್ಲಿ ಹಿಡಿಯಲು ಭಾರವಾದ ಗ್ರಂಥ. ಅಷ್ಟನ್ನೂ ಅಕ್ಷರದ ನೆರವಿಲ್ಲದೆ ನೆನಪಿನಲ್ಲಿ ಇಟ್ಟುಕೊಂಡವರ ಬಾಯಿಂದ ಬಂದದ್ದು. ಅದಾದ ಮೇಲೆ ಓದಿದವರು ‘ಮಹಾಕಾವ್ಯ’ ಎಂದು ಕರೆದರು. ಕಾವ್ಯಕ್ಕೆ ದೊಡ್ಡ ಹೆಸರು ಬಂತು, ಹಾಡುಗಾರಿಕೆಗೆ ಬರಲಿಲ್ಲ.

ಯಾಕೆ ಬರಲಿಲ್ಲ ಎಂಬುದಕ್ಕೆ ಉತ್ತರ ‘ಶಾಸ್ತ್ರೀಯ’ ಎಂಬ ಒಂದು ಮಾತಿನಲ್ಲಿದೆ ಎಂದು ನಮಗೆ ಅನ್ನಿಸುತ್ತದೆ. ಇದು ಕೇಳಲು ಬಹಳ ಹಳೆಯ ಮಾತಿನಂತಿದೆ. ಆದರೆ ‘ಶಾಸ್ತ್ರೀಯ ಸಂಗೀತ’ ಎಂದು ನಾವು ಇಂದು ಹೇಳುವುದು ಇಂಗ್ಲಿಷಿನ ‘ಕ್ಲಾಸಿಕಲ್ ಮ್ಯೂಸಿಕ್’ಗೆ ಸಾಟಿಯಾಗಿ. ಇಂಗ್ಲಿಷಿನಲ್ಲೂ ಆ ಜೋಡಿಪದ ಬಳಕೆಗೆ ಬಂದದ್ದು 19ನೇ ಶತಮಾನದಲ್ಲಿ. ನಮ್ಮ ಹಳೆಯ ಗ್ರಂಥಗಳು ಬಳಸಿದ ಜೋಡಿ ಬೇರೆ: ಮಾರ್ಗ ಮತ್ತು ದೇಸಿ. ಮಾರ್ಗ ದೇವತೆಗಳ ಸಂಗೀತ, ನಿಯಮ ಮೀರದ್ದು, ಆಗಲೇ ಬಳಕೆ ತಪ್ಪಿದ್ದು. ದೇಸಿ ಎಂದರೆ ಆಯಾ ನಾಡಿನ ಜನರ ಮನಸ್ಸಿಗೆ ಹಿಡಿಸಿದ್ದು. 13ನೇ ಶತಮಾನದ ಶಾರ್ಙ್ಗದೇವನ ‘ಸಂಗೀತರತ್ನಾಕರ’ ತನ್ನ ಕಾಲದಲ್ಲಿ ಜನ ಹಾಡುತ್ತಿದ್ದ ರಾಗಗಳನ್ನು ದೇಸಿ ಎಂದೇ ಕರೆಯುತ್ತದೆ. ಆ ಲೆಕ್ಕದಲ್ಲಿ ನೋಡಿದರೆ ಮೈಸೂರು ಅರಮನೆಯ ಕಛೇರಿಯೂ ದೇಸಿ, ನಮ್ಮ ಜಗಲಿಯ ತಂಬೂರಿ ಕತೆಯೂ ದೇಸಿ.

ಇನ್ನೂ ಇದೆ. ದೇವರಗುಡ್ಡರ ಕೈಯಲ್ಲಿರುವ ಕಂಚಿನ ಬಟ್ಟಲು ಕಂಸಾಳೆ. ಆ ಹೆಸರಿನ ಮೂಲ ‘ಕಾಂಸ್ಯತಾಳ’, ಕಂಚಿನ ತಾಳ. ಕಾಂಸ್ಯತಾಳ ಎಂಬ ವಾದ್ಯದ ಹೆಸರು ಇದೇ ಸಂಗೀತರತ್ನಾಕರದ ಪಟ್ಟಿಯಲ್ಲಿದೆ. ಅದಕ್ಕೂ ಹಿಂದೆ, ಸುಮಾರು 1130ರಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ ಬರೆಸಿದ. ಅರಸ ಏನು ತಿನ್ನಬೇಕು, ಆನೆ ಹೇಗೆ ಪಳಗಿಸಬೇಕು ಎಂಬುದರಿಂದ ಹಿಡಿದು ಸಂಗೀತದ ತನಕ ಅದರಲ್ಲಿ ಇಲ್ಲದ್ದಿಲ್ಲ. ಅಲ್ಲಿ ತ್ರಿಪದಿಯನ್ನು ಧಾನ್ಯ ಕುಟ್ಟುವಾಗ ಹಾಡಬೇಕು, ಷಟ್ಪದಿಯನ್ನು ಕತೆ ಹೇಳುವಾಗ, ಧವಳವನ್ನು ಮದುವೆಯಲ್ಲಿ ಎಂದು ಹೇಳಿದೆ. ಒನಕೆ ಹಿಡಿದು ಕುಟ್ಟುವ ಹೆಂಗಸಿನ ಪದ ದೊರೆಯ ಶಾಸ್ತ್ರದಲ್ಲಿ ಜಾಗ ಪಡೆದಿತ್ತು. ಸುಮಾರು 900 ವರ್ಷ ಹಿಂದಿನ ಅರಸನಿಗೆ ಅದು ‘ಸಂಗೀತ’ದ ಅಧ್ಯಾಯದಲ್ಲಿ ಬರಬೇಕಾದ ಸಂಗತಿ ಎಂದು ಕಂಡಿತು.

ನಮ್ಮ ಕಾಲಕ್ಕೆ ಬಂದರೆ ಕೋಣೆಗಳು ಬೇರೆಬೇರೆ ಆಗಿವೆ. ರಾಜ್ಯದಲ್ಲಿ ಸಂಗೀತ ನೃತ್ಯ ಅಕಾಡೆಮಿ ಒಂದು, ನಾಟಕ ಅಕಾಡೆಮಿ ಒಂದು, ಜಾನಪದ ಅಕಾಡೆಮಿ ಇನ್ನೊಂದು. ಹಾಡುತ್ತಾ, ಆಡುತ್ತಾ, ಕತೆ ಹೇಳುವ ನೀಲಗಾರ ಮೂರಕ್ಕೂ ಸೇರಬೇಕಾದವನು. ಅವನನ್ನು ಕಳಿಸುವುದು ಮೂರನೆಯ ಬಾಗಿಲಿಗೆ ಮಾತ್ರ. ಕಛೇರಿ ಸಂಗೀತಕ್ಕೆ ಜೂನಿಯರ್, ಸೀನಿಯರ್, ವಿದ್ವತ್ ಎಂದು ಪರೀಕ್ಷೆಗಳಿವೆ. ಪಾಸಾದವರು ಹೆಸರಿನ ಹಿಂದೆ ವಿದ್ವಾನ್, ವಿದುಷಿ ಎಂದು ಹಾಕಿಕೊಳ್ಳಬಹುದು, ಮಕ್ಕಳಿಗೆ ಪಾಠ ಹೇಳಿ ಸಂಸಾರ ನಡೆಸಬಹುದು. ಕಷ್ಟಪಟ್ಟು ಕಲಿತವರಿಗೆ ಅದು ಸಿಗಲೇಬೇಕು, ನಮ್ಮ ತಕರಾರು ಅದಕ್ಕಲ್ಲ. ಏಳು ರಾತ್ರಿಗಾಗುವಷ್ಟು ಕತೆ ಬಾಯಲ್ಲಿರುವವನನ್ನು ಯಾವ ಹೆಸರಿನಿಂದ ಕರೆಯುತ್ತೇವೆ ಎಂಬುದು ನಮ್ಮ ಪ್ರಶ್ನೆ. ‘ಕಲಾವಿದರು’ ಎಂದು ಒಟ್ಟಿಗೆ ಕರೆದು, ಜಯಂತಿಗಳ ಮೆರವಣಿಗೆಯಲ್ಲಿ ಮುಂದೆ ನಿಲ್ಲಿಸಿ, ವೇದಿಕೆಯ ಮೇಲೆ ಹತ್ತು ನಿಮಿಷ ಕೊಡುತ್ತಾರೆ. ಹತ್ತು ನಿಮಿಷದಲ್ಲಿ ಬೀಸು ಕಂಸಾಳೆ ತೋರಿಸಬಹುದು, ನೋಡಲು ಚೆಂದ. ಸಂಕಮ್ಮನ ಸಾಲು ಹಾಡಲಾಗದು. ಹಾಡದ ಸಾಲು ಒಂದು ತಲೆಮಾರಿನಲ್ಲಿ ಮರೆತುಹೋಗುತ್ತದೆ. ಸಂಗೀತ ಕಲಿಯುವುದೆಂದರೆ ವರಸೆ ಕಲಿಯುವುದು ಎಂದಷ್ಟೇ ತಿಳಿದು ಬೆಳೆದ ಹುಡುಗನಿಗೆ ಅಜ್ಜನ ತಂಬೂರಿ ಹಿಡಿಯಲು ನಾಚಿಕೆ.

ಕನ್ನಡದಲ್ಲಿ ಈ ಕೋಣೆಗಳ ಗೋಡೆ ದಾಟಿದವರು ಇಲ್ಲದಿಲ್ಲ. ಮೇಲುಕೋಟೆಯ ಪು.ತಿ. ನರಸಿಂಹಾಚಾರ್ಯರು ‘ಗೋಕುಲ ನಿರ್ಗಮನ’ದಂಥ ಗೀತನಾಟಕಗಳನ್ನು ಬರೆದರು. ಆಪೆರಾಗೆ ಕನ್ನಡದಲ್ಲಿ ಒಂದು ಮಾತು ಬೇಕೆಂದರೆ ‘ಗೀತನಾಟಕ’ವೇ ಸಾಕು. ಅದನ್ನು ರಂಗಕ್ಕೆ ತಂದ ಬಿ.ವಿ. ಕಾರಂತರು ಹುಡುಗರಾಗಿದ್ದಾಗ ಗುಬ್ಬಿ ಕಂಪನಿಯಲ್ಲಿ ಬೆಳೆದವರು. ರಾಗವೂ ಗೊತ್ತಿತ್ತು, ರಂಗದ ಧಾಟಿಯೂ ಗೊತ್ತಿತ್ತು, ಎರಡನ್ನೂ ಒಂದೇ ಕೈಯಲ್ಲಿ ಹಿಡಿದರು.

‘ಸೊಲ್ಲು’ ಎಂಬ ಮಾತಿಗೆ ಮತ್ತೆ ಬರೋಣ. ಭರತನಾಟ್ಯ ಕಲಿಯುವ ಮಕ್ಕಳ ಪಾಠದಲ್ಲಿ ‘ಸೊಲ್ಲುಕಟ್ಟು’ ಎಂದು ಬರುತ್ತದೆ. ಹೆಜ್ಜೆಗೆ ಬಾಯಲ್ಲಿ ಹೇಳುವ ತಾಳದ ಬೋಲುಗಳು ಅವು. ಮೃದಂಗದವರಿಗೂ ಸೊಲ್ಲು ಬೇಕು. ನೀಲಗಾರರ ಹಿಮ್ಮೇಳ ಕೊಡುವುದೂ ಸೊಲ್ಲೇ. ನುಡಿ ಎಂಬ ಒಂದೇ ಅರ್ಥದ ಒಂದೇ ಹಳೆಯ ದ್ರಾವಿಡ ಮಾತು, ತಮಿಳಿನಲ್ಲಿ ‘ಸೊಲ್’. ಒಂದು ಸೊಲ್ಲಿಗೆ ಪಠ್ಯದಲ್ಲಿ ಜಾಗ ಇದೆ. ಇನ್ನೊಂದನ್ನು ಎತ್ತುವುದು ಯಾವಾಗ, ಬಿಡುವುದು ಯಾವಾಗ, ಮುಂದೆ ಹಾಡುವವರ ಉಸಿರು ಕಟ್ಟಿದಾಗ ಹಿಮ್ಮೇಳ ಅದನ್ನು ಎಷ್ಟು ಹೊತ್ತು ಎಳೆದು ಕಾಪಾಡಬೇಕು, ಇವಕ್ಕೆಲ್ಲ ಹಾಡುವವರ ನಡುವೆ ಕಣ್ಸನ್ನೆಯ ಹಾಗೆ ಓಡಾಡುವ ಮಾತುಗಳು ಇದ್ದೇ ಇರುತ್ತವೆ. ಕಾವ್ಯ ಅಚ್ಚಾದಾಗ ಬಂದದ್ದು ಹಾಡಿನ ಸಾಹಿತ್ಯ. ಈ ಒಳಮಾತುಗಳು ಇರುವುದು ಹಾಡುವವರ ಬಾಯಲ್ಲೇ.

ಜನವರಿಯ ಹುಣ್ಣಿಮೆಗೆ ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿ ಜಾತ್ರೆ. ಐದು ದಿನ ನಡೆಯುತ್ತದೆ, ತಂಬೂರಿಯವರು ಸುತ್ತಲಿನ ಊರುಗಳಿಂದೆಲ್ಲ ಬರುತ್ತಾರೆ. ಹೋಗುವವರು ಮೊಬೈಲಿನಲ್ಲಿ ಹಾಡು ರೆಕಾರ್ಡ್ ಮಾಡಿಕೊಳ್ಳುತ್ತೀರಿ, ಒಳ್ಳೆಯದು. ಹಾಡು ನಿಂತು ಎಲೆಅಡಿಕೆ ಹಾಕಿಕೊಳ್ಳುವ ಹೊತ್ತಿನಲ್ಲಿ ಹಿಮ್ಮೇಳದವರ ಪಕ್ಕ ಕೂತು ಒಂದು ಮಾತು ಕೇಳಿ: ‘ಅಣ್ಣ, ಈಗ ಸೊಲ್ಲು ತಿರುಗಿಸಿದ್ರಲ್ಲ, ಅದಕ್ಕೆ ನೀವು ಏನಂತೀರಿ?’ ಅವರು ಹೇಳಿದ್ದನ್ನು ಅವರ ಹೆಸರು, ಊರಿನ ಸಮೇತ ಬರೆದಿಟ್ಟುಕೊಳ್ಳಿ. ಅವರು ಒಪ್ಪಿದರೆ ನಮಗೂ ಒಂದು ಪ್ರತಿ ಕಳಿಸಿ.